ರವದಿ

ನೆಹರೂ ನಗರದ ಕೆಳಗಿನ ಓಣಿ, ಸೈಕಲ್ ಅಂಗಡಿ ಮಗ್ಗಲಾಗ
ನಾಕು ಮೇಜು, ಹನ್ನೊಂದು ಕುರ್ಚಿ. ಹನ್ನೆರಡನೇದು
ಬಾಗಿಲಿಗೆ ಅಡ್ಡ ಇಟ್ಟೈತಿ, ಗಾಳಿಗೆ ಬಡಿಬಾರದಂತ.
ಬೋರ್ಡ್ ಬರಿಯಾಂವ ಕೇಳಿದ್ನಂತ:
ಯಾವ ಭಾಷಾ ಮ್ಯಾಲ, ಯಾವುದು ಕೆಳಗ?
ಬೆಳಗಾವ್ಯಾಗ ಇದು ಸಣ್ಣ ಪ್ರಶ್ನೆ ಅಲ್ಲ.
‘ಒಂದು ಗಡಿಗಿ ಬರಿ’ ಅಂದ್ಳಂತ ಮೆಮುನಾ.
ಈಗ ಆಟೋದವರಿಗೆ ಅದು ಗಡಿಗಿ ಹೋಟ್ಲ.

ದಿನಾ ಮೂವತ್ತು ರೊಟ್ಟಿ ಒಯ್ಯತಿದ್ಳು ನನ್ನ ಕಡಿಂದ,
ಕಟಕ ಅಲ್ಲ, ಮೆತ್ತನ್ನವು.
ಘಾನಾ ಅಂದ್ರ ಎಲ್ಲಿ ಅಂತ ನಾ ಕೇಳಲಿಲ್ಲ,
ಮುರಗೋಡ ಎಲ್ಲಿ ಅಂತ ಆಕಿನೂ ಕೇಳಲಿಲ್ಲ.
ರೊಕ್ಕ ಕೊಡೂ ಮುಂದ ಮಾತ್ರ
ಬಲಗೈಯಾಗಿನ ಚೀಲ ನೆಲಕ್ಕಿಟ್ಟು
ಅದs ಬಲಗೈಲೆ ಕೊಡತಿದ್ಳು.
ಅದನ್ನ ನೋಡೇ ನಾ ಒಂದಿನ ಊಟಕ್ಕ ಹೂಂ ಅಂದದ್ದು.

ನೆಗೆಣ್ಣಿ ಗುರಸಿದ್ದವ್ವ ಜೋಡಿ ಬಂದ್ಳು,
ಸೆರಗಿನಾಗ ಡಬ್ಬಿ ಮುಚಗೊಂಡು.
‘ಸೇರಲಿಲ್ಲಂದ್ರ ಇರಲಿ, ಎರಡು ಚಪಾತಿ.’

‘ಇದರಾಗ ಮೀನು?’ ಅಂದೆ ಕೂಡೂದಕ್ಕೂ ಮೊದಲ.
ಮೆಮುನಾ ನಗಲಿಲ್ಲ.
‘ಒಣಮೀನಿನ ಪುಡಿ ನಮ್ಮ ಮನ್ಯಾಗ ಉಪ್ಪಿದ್ದಂಗ, ಆಯಿ,
ಕೈ ತಾನs ಹೋಗತೈತಿ. ಅದಕ್ಕs ಇದು ಕಟ್ಟೀನಿ.’
ಗಡಿಗಿ ಕಂಠಕ್ಕ ನೀಲಿ ದಾರ.
ಸೌಟಿಗೂ ನೀಲಿ ದಾರ.
ಮುಚ್ಚಳಕ್ಕ ಕಟ್ಟಿದ್ದು ಉರಿಗೆ ಸುಟ್ಟು ಕರ್ರಗಾಗಿತ್ತು.

ಮೊದಲ ಬಂದದ್ದು ಅಲಸಂದಿ ಕಾಳು,
ಕೆಮ್ಮಣ್ಣ ಹೊಂಡದ ಬಣ್ಣದ ಎಣ್ಣ್ಯಾಗ ಬೆಂದದ್ದು,
ಮಗ್ಗಲಾಗ ಕರದ ಬಾಳಿಹಣ್ಣು.
ಹಣ್ಣು ಕರಿತಾರೇನು? ಕರಿತಾರ. ತಿಂದೆ. ಮತ್ತೊಂದು ತಿಂದೆ.
ಶೇಂಗಾ ನಮ್ಮಲ್ಲೆ ಹಿಂಡಿಯಾಗಿ ಒಣಾ ಕೂತಿರತೈತಿ,
ಇಲ್ಲಿ ಸಾರಾಗಿ ತಟ್ಟಿ ತುಂಬ ಓಡ್ಯಾಡಿತು.
ಅದರ ನಡುವ ಬಿಳೇ ಮುದ್ದಿ, ‘ಅಗಿಬ್ಯಾಡ್ರಿ, ನುಂಗ್ರಿ.’
ಗುರಸಿದ್ದವ್ವ ಅಗದ್ಳು. ಬಾಳೊತ್ತು ಅಗದ್ಳು.
‘ಉಪ್ಪಿಲ್ಲ’ ಅಂದು ಇನ್ನಷ್ಟು ಸಾರು ಹಾಕಿಸಿಕೊಂಡ್ಳು.

ಗ್ಲಾಸಿನಾಗ ಕೆಂಪು ನೀರು, ಹುಳಿ, ಶುಂಠಿ ಖಾರ.
ಮೂಗಿಗೆ ಹಿಡದೆ: ಪುಂಡಿ!
ನಾವು ಎಲಿ ಪಲ್ಯಾ ಮಾಡಿ ಹೂ ಹೊಲದಾಗ ಬಿಟ್ಟು ಬಂದೀವಿ,
ಇವರು ಬಿಟ್ಟಿಲ್ಲ.

ಕಡೀಕ ಆಕಿ ಕೇಳಿದ್ದು ರವದಿ.
ತಮ್ಮೂರಾಗ ಅಕ್ಕಿ, ಅಲಸಂದಿ ಕೂಡಿಸಿ ಕುದಸೂ ಮುಂದ
ಜೋಳದ ಒಣಎಲಿ ಹಾಕತಾರಂತ,
ಅನ್ನ ಇಟ್ಟಂಗಿ ಬಣ್ಣ ಆಗತೈತಂತ.
ಇಲ್ಲಿ ಎಲ್ಲಿ ಸಿಗತೈತಿ?
ನನಗ ನಗಿ ತಡಿಲಿಲ್ಲ. ಬಣವಿಗಟ್ಟಲೆ ಐತಿ, ತಂಗಿ!

ತಮ್ಮನ ಹೊಲದ್ದು ಒಂದು ಸಿವುಡು ಕಟ್ಟಿ ತಂದೆ.
ಕಂಡಕ್ಟರ್ ಅರ್ಧಾ ಟಿಕೆಟ್ ಹರದ, ‘ಎಮ್ಮಿ ಎಲ್ಲಿ?’ ಅಂದ.
ತೊಳದ್ಳು, ಮುರದ್ಳು, ಕುದಿಸಿದ್ಳು.
ಮೂರೂ ಮಂದಿ ಗಡಿಗಿ ಮ್ಯಾಲ ಬಗ್ಗಿ ನಿಂತ್ವಿ.
ನೀರು ಹಳದಿ ಆತು.
ಸೋಡಾ ಹಾಕಿದ್ಳು. ಇನ್ನಷ್ಟು ಹಳದಿ.
ಕೆಂಪು ಬರಲಿಲ್ಲ. ನಮ್ಮ ಜೋಳದಾಗ ಅದಿಲ್ಲ.

ನನ್ನದs ಏನೋ ಸುಳ್ಳು ಹೊರಗ ಬಿದ್ದಂಗಾಗಿ
ನಾ ಗ್ವಾಡಿ ಕಡೆ ನೋಡಿದೆ.
ಮೆಮುನಾ ಉಗಿಗೆ ಮುಖಾ ಹಿಡದು ಸುಮ್ಮ ನಿಂತಿದ್ಳು.
‘ವಾಸನಿ ಐತಿ’ ಅಂದ್ಳು. ಒಂದs ಮಾತು.
ಅಕ್ಕಿ ಸುರುವಿದ್ಳು.
ಹಳದಿ ಅನ್ನಾನs ಉಂಡ್ವಿ. ಗುರಸಿದ್ದವ್ವನ ಚಪಾತಿ
ಸೈಕಲ್ ಅಂಗಡಿ ಹುಡುಗ ತಿಂದ.

ಈಗ ಸೋಮವಾರ ಬಿಟ್ಟು ಯಾವಾಗರೆ ಹೋಗತೀನಿ.
ಕೇಳೂದು ಬಿಟ್ಟಿಲ್ಲ.
ಬಾಗಿಲಾಗ ನಿಂತು, ಚಪ್ಪಲಿ ಬಿಡೂದಕ್ಕೂ ಮೊದಲ,
‘ಮೀನು?’ ಅಂತೀನಿ.
ಒಲಿ ಕಡೆ ಮುಖಾ ಮಾಡಿದಾಕಿ ತಿರುಗಂಗಿಲ್ಲ,
ಸೌಟು ಅಷ್ಟs ಮ್ಯಾಲೆತ್ತತಾಳ.